ತ್ವಚೆಯ ತೇವ ಕಾಯುವ ಸಾಮಗ್ರಿಗಳು: ಒಂದು ತುಲನಾತ್ಮಕ ನೋಟ

ಆಳಂದ, ಅಫಜಲಪುರ, ಜೇವರ್ಗಿ ಭಾಗದ ವರ್ತಕರಿಗೂ ಕಿರು ಉತ್ಪಾದಕರಿಗೂ ಉಪಯುಕ್ತ ಮಾಹಿತಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ಒಣ ಹವೆಯ ಕಾಲವೂ ದುಡಿಮೆಯ ಕಾಲವೂ ಒಂದೇ ಆಗಿದೆ. ಹತ್ತಿ ಬಿಡಿಸುವುದು, ತೊಗರಿ ಕೊಯ್ದು ರಾಶಿ ಮಾಡುವುದು, ಕಬ್ಬು ಕಡಿಯುವುದು ಇವೆಲ್ಲ ಬಹುಮಟ್ಟಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯಲ್ಲಿ ನಡೆಯುತ್ತವೆ. ಇದೇ ತಿಂಗಳುಗಳಲ್ಲಿ ಗಾಳಿಯ ತೇವಾಂಶ ಕುಗ್ಗುತ್ತದೆ. ಕೈ ಬಿರಿಯುತ್ತದೆ, ತುಟಿ ಸೀಳುತ್ತದೆ, ಹಿಮ್ಮಡಿ ಒಡೆಯುತ್ತದೆ. ಚಳಿಗಾಲ ಕಳೆದರೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆ ಕಾದಿರುತ್ತದೆ. ಆದುದರಿಂದ ತ್ವಚೆಗೆ ತೇವ ನೀಡುವ ಉತ್ಪನ್ನಗಳು ಈ ಭಾಗದಲ್ಲಿ ಶೋಕಿಯ ಸರಕಾಗಿ ಉಳಿದಿಲ್ಲ. ದುಡಿಯುವ ಕುಟುಂಬಗಳ ನಿತ್ಯದ ಅವಶ್ಯಕತೆಗಳಲ್ಲಿ ಸೇರಿವೆ.

ಇಂದು ತಾಲ್ಲೂಕು ಕೇಂದ್ರದ ಯಾವುದೇ ಔಷಧ ಅಂಗಡಿ ಅಥವಾ ಫ್ಯಾನ್ಸಿ ಸ್ಟೋರ್‌ನಲ್ಲಿ ಪೆಟ್ರೋಲಿಯಂ ಜೆಲ್ಲಿ, ಕೋಲ್ಡ್ ಕ್ರೀಂ, ಬಾಡಿ ಲೋಷನ್, ಅಲೋವೆರಾ ಜೆಲ್, ಸೀರಂ ಎಂಬ ಬಗೆಬಗೆಯ ಸರಕುಗಳು ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಒಂದೇ ತೂಕಕ್ಕೆ ಅವುಗಳ ಬೆಲೆಗಳಲ್ಲಿ ಹತ್ತಾರು ಪಟ್ಟು ಅಂತರವಿರುತ್ತದೆ. ಈ ಅಂತರಕ್ಕೆ ತಕ್ಕ ಗುಣಭೇದವಿದೆಯೇ ಎಂಬ ಪ್ರಶ್ನೆಗೆ ಉತ್ತರ ಜಾಹೀರಾತಿನಲ್ಲಿ ದೊರೆಯುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿತವಾದ ಸಾಮಗ್ರಿ ಪಟ್ಟಿಯಲ್ಲಿ ದೊರೆಯುತ್ತದೆ. ಆ ಪಟ್ಟಿಯನ್ನು ಓದಬಲ್ಲ ವರ್ತಕನು ಗ್ರಾಹಕನ ವಿಶ್ವಾಸ ಗಳಿಸುತ್ತಾನೆ. ಕಿರು ಉತ್ಪಾದಕನಿಗೆ ಅದರಲ್ಲಿ ಮತ್ತೊಂದು ಸಂಗತಿಯೂ ಕಾಣುತ್ತದೆ: ಅದರ ಮುಖ್ಯ ಸಾಮಗ್ರಿಗಳಲ್ಲೊಂದು ಅವನ ಹೊಲದ ಬದುವಿನಲ್ಲೇ ಬೆಳೆಯುತ್ತದೆ.

ಚರ್ಮ ಒಣಗುವ ಬಗೆ

ಚರ್ಮದ ಅತ್ಯಂತ ಹೊರಗಿನ ಪದರವು ಕಾಗದಕ್ಕಿಂತಲೂ ತೆಳುವಾದುದು. ಅದರ ರಚನೆಯನ್ನು ತಜ್ಞರು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಜಿಡ್ಡಿನ ಅಂಶವು ಗಾರೆ. ಈ ಗಾರೆಯಲ್ಲಿ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳಿವೆ. ಒಳಗಿನ ನೀರು ಸದಾ ಈ ಗೋಡೆಯ ಮೂಲಕ ಆವಿಯಾಗಿ ಹೊರಹೋಗುತ್ತಿರುತ್ತದೆ. ಗಾರೆ ಗಟ್ಟಿಯಾಗಿದ್ದರೆ ನಷ್ಟ ಕಡಿಮೆ. ಗಾರೆ ಸಡಿಲವಾದರೆ ನಷ್ಟ ಹೆಚ್ಚು.

ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲ್ಯಾಂಕ್ 1952ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಬುನಾದಿಯೆನಿಸಿದೆ. ಒಣಗಿ ಗಡುಸಾದ ಚರ್ಮದ ತುಣುಕುಗಳನ್ನು ಎಣ್ಣೆಯಲ್ಲಿ ನೆನೆಸಿದರೆ ಅವು ಮೆತ್ತಗಾಗಲಿಲ್ಲ. ನೀರು ಹೀರಿದಾಗ ಮಾತ್ರ ಮೆತ್ತಗಾದವು. ಚರ್ಮವನ್ನು ಮೃದುವಾಗಿಡುವುದು ನೀರೇ ಹೊರತು ಎಣ್ಣೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಹಾಗೆಂದು ಎಣ್ಣೆ ನಿರರ್ಥಕವಲ್ಲ. ಎಣ್ಣೆಯ ಕೆಲಸ ನೀರನ್ನು ಕೊಡುವುದಲ್ಲ, ಇರುವ ನೀರನ್ನು ಕಾಯುವುದು. ಹೊರಪದರದಲ್ಲಿ ನೀರಿನ ಪ್ರಮಾಣ ಸುಮಾರು ಶೇ. 10ಕ್ಕಿಂತ ಕಡಿಮೆಯಾದಾಗ ಚರ್ಮವು ಬಿರುಸಾಗಿ ಬಿರಿಯತೊಡಗುತ್ತದೆ.

ಮೂರು ವರ್ಗಗಳು

ಮಾರುಕಟ್ಟೆಯಲ್ಲಿರುವ ಎಲ್ಲ ತೇವಕಾರಕ ಉತ್ಪನ್ನಗಳ ಸಾಮಗ್ರಿಗಳನ್ನು ಅವು ಮಾಡುವ ಕೆಲಸದ ಆಧಾರದ ಮೇಲೆ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವು ತೇವಾಕರ್ಷಕಗಳು. ಇವು ನೀರನ್ನು ತಮ್ಮತ್ತ ಎಳೆದು ಹಿಡಿದಿಡುತ್ತವೆ. ಗ್ಲಿಸರಿನ್, ಯೂರಿಯಾ, ಸಾರ್ಬಿಟಾಲ್, ಸೋಡಿಯಂ ಲ್ಯಾಕ್ಟೇಟ್, ಹಯಲುರಾನಿಕ್ ಆಮ್ಲ ಇತ್ಯಾದಿಗಳು ಈ ಗುಂಪಿನವು.

ಎರಡನೆಯವು ಮೃದುಕಾರಕಗಳು. ಇವು ಕೋಶಗಳ ನಡುವಿನ ಸಂದುಗಳನ್ನು ತುಂಬಿ ಚರ್ಮಕ್ಕೆ ನುಣುಪು ನೀಡುತ್ತವೆ. ಸಸ್ಯಜನ್ಯ ಎಣ್ಣೆಗಳೆಲ್ಲ ಈ ಗುಂಪಿನವು.

ಮೂರನೆಯವು ತೇವರಕ್ಷಕಗಳು. ಇವು ಚರ್ಮದ ಮೇಲೆ ಪದರವಾಗಿ ನಿಂತು ನೀರು ಆವಿಯಾಗದಂತೆ ತಡೆಯುತ್ತವೆ. ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಲ್ಯಾನೊಲಿನ್, ಡೈಮೆಥಿಕೋನ್ ಇದಕ್ಕೆ ಉದಾಹರಣೆಗಳು.

ಕರಾವಳಿಯ ತೇವಭರಿತ ಗಾಳಿಯಲ್ಲಿ ತೇವಾಕರ್ಷಕವೊಂದೇ ಇರುವ ಜೆಲ್ ಕೂಡ ಸಾಕಷ್ಟು ಕೆಲಸ ಮಾಡಬಲ್ಲದು. ಅದಕ್ಕೆ ಗಾಳಿಯಿಂದಲೇ ನೀರು ದೊರೆಯುತ್ತದೆ. ಭೀಮಾ ತೀರದ ಕಪ್ಪುಮಣ್ಣಿನ ಬಯಲಿನಲ್ಲಿ ಜನವರಿಯ ಮಧ್ಯಾಹ್ನದ ಗಾಳಿಯಲ್ಲಿ ಎಳೆದುಕೊಳ್ಳಲು ಹೆಚ್ಚು ನೀರಿರುವುದಿಲ್ಲ. ಆಗ ದಟ್ಟವಾದ ತೇವಾಕರ್ಷಕವು ಚರ್ಮದ ಒಳಪದರಗಳ ನೀರನ್ನೇ ಮೇಲಕ್ಕೆಳೆಯುತ್ತದೆ. ಮೇಲೆ ಬಂದ ನೀರು ಗಾಳಿಗೆ ಹೋಗುತ್ತದೆ. ಅಪ್ಪಟ ಗ್ಲಿಸರಿನ್ ಹಚ್ಚಿದವರು ಉರಿಯಾಗುತ್ತದೆಂದು ದೂರುವುದುಂಟು. ಆದುದರಿಂದ ಈ ಮೂರು ತಾಲ್ಲೂಕುಗಳ ಹವೆಗೆ ಮೂರೂ ವರ್ಗಗಳು ಕೂಡಿರುವ ಉತ್ಪನ್ನವೇ ಯೋಗ್ಯವಾದುದು. ಅಂಗಡಿಯಲ್ಲಿ ನೀಡಬಹುದಾದ ಸರಳ ಸಲಹೆಯೂ ಇದರಿಂದಲೇ ಹೊಮ್ಮುತ್ತದೆ: ಕೈಕಾಲು ತೊಳೆದು, ಚರ್ಮ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕು.

ತೇವಾಕರ್ಷಕಗಳ ತುಲನೆ

ಗ್ಲಿಸರಿನ್: ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ 1779ರಲ್ಲಿ ಇದನ್ನು ಎಣ್ಣೆಯಿಂದ ಬೇರ್ಪಡಿಸಿದನು. ಸಾಬೂನು ಹಾಗೂ ಜೈವಿಕ ಡೀಸೆಲ್ ತಯಾರಿಕೆಯಲ್ಲಿ, ಬಳಸಿದ ಎಣ್ಣೆಯ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಗ್ಲಿಸರಿನ್ ಉಪ ಉತ್ಪನ್ನವಾಗಿ ದೊರೆಯುತ್ತದೆ. ಆದುದರಿಂದ ಬೆಲೆಯೂ ಕಡಿಮೆ. ಲೋಷನ್‌ಗಳಲ್ಲಿ ಸಾಮಾನ್ಯವಾಗಿ ಶೇ. 3ರಿಂದ 10ರವರೆಗೆ ಬಳಸುತ್ತಾರೆ. ಇದರ ಅಣು ಚಿಕ್ಕದಾದುದರಿಂದ ಹೊರಪದರದೊಳಕ್ಕೆ ಇಳಿಯುತ್ತದೆ. ಬೆಲೆ ಮತ್ತು ಪರಿಣಾಮ ಎರಡನ್ನೂ ತೂಗಿ ನೋಡಿದರೆ ಇದಕ್ಕೆ ಸರಿಸಾಟಿಯಾದ ತೇವಾಕರ್ಷಕ ಸಿಗುವುದು ಕಷ್ಟ.

ಯೂರಿಯಾ: ಚರ್ಮದ ಸಹಜ ತೇವಾಂಶದಲ್ಲಿಯೇ ಇದು ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಶೇ. 5ರಿಂದ 10ರವರೆಗೆ ಬಳಸಿದಾಗ ತೇವ ಹಿಡಿದಿಡುತ್ತದೆ, ಶೇ. 20 ಹಾಗೂ ಹೆಚ್ಚಿನ ಪ್ರಮಾಣದಲ್ಲಿ ಗಡುಸಾದ ಚರ್ಮವನ್ನು ಕರಗಿಸುತ್ತದೆ. ಒಡೆದ ಹಿಮ್ಮಡಿಯ ಕ್ರೀಂಗಳಲ್ಲಿ ಇದರ ಹೆಸರು ಕಾಣುವುದು ಇದೇ ಕಾರಣಕ್ಕೆ. ಬಿರಿದು ರಕ್ತ ಜಿನುಗುವ ಚರ್ಮಕ್ಕೆ ಇದು ಉರಿ ತರುತ್ತದೆ. ಇಲ್ಲೊಂದು ಎಚ್ಚರಿಕೆ ಅವಶ್ಯ. ಗೊಬ್ಬರದ ಅಂಗಡಿಯಲ್ಲಿ ದೊರೆಯುವ ಯೂರಿಯಾವನ್ನು ಯಾವ ಕಾರಣಕ್ಕೂ ಕ್ರೀಂಗೆ ಬಳಸಕೂಡದು. ಅದರಲ್ಲಿ ಬೈಯುರೆಟ್ ಎಂಬ ಕಲ್ಮಶವಿರುತ್ತದೆ. 2015ರಿಂದ ಅದಕ್ಕೆ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಗಿದೆ. ರೈತರ ಸಬ್ಸಿಡಿ ಗೊಬ್ಬರವನ್ನು ಉದ್ದಿಮೆಗೆ ತಿರುಗಿಸುವುದು ಅಪರಾಧವೂ ಹೌದು.

ಹಯಲುರಾನಿಕ್ ಆಮ್ಲ: ಅಮೆರಿಕದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ದನದ ಕಣ್ಣಿನ ದ್ರವದಿಂದ ಇದನ್ನು ಪ್ರತ್ಯೇಕಿಸಿದರು. ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಸೀರಂಗಳ ಜಾಹೀರಾತಿನಲ್ಲಿ ಇದರದೇ ಮುಖ್ಯ ಸ್ಥಾನ. ಇದರ ದೊಡ್ಡ ಅಣುಗಳು ಚರ್ಮದೊಳಕ್ಕೆ ಇಳಿಯದೆ ಮೇಲ್ಮೈಯಲ್ಲಿ ತೇವದ ತೆಳು ಪದರವಾಗಿ ಉಳಿಯುತ್ತವೆ. ಹಚ್ಚಿದೊಡನೆ ನುಣುಪು ಕಾಣುವುದು ನಿಜ. ಆದರೆ ಒಣ ಹವೆಯಲ್ಲಿ ಮೇಲೊಂದು ರಕ್ಷಕ ಪದರವಿಲ್ಲದಿದ್ದರೆ ಆ ನುಣುಪು ಬಹುಹೊತ್ತು ನಿಲ್ಲದು. ಶೇ. 0.1ರಷ್ಟು ಬೆರೆಸಿದರೆ 100 ಗ್ರಾಂ ಉತ್ಪನ್ನದಲ್ಲಿ ಇರುವುದು ಒಂದು ಗ್ರಾಂನ ಹತ್ತನೆಯ ಒಂದು ಭಾಗ ಮಾತ್ರ ಎಂಬುದನ್ನೂ ಮರೆಯಬಾರದು.

ಅಲೋವೆರಾ: ಲೋಳೆಸರದ ತಿರುಳಿನಲ್ಲಿ ಬಹುಪಾಲು, ಅಂದರೆ ಸುಮಾರು ಶೇ. 98ರಿಂದ 99ರಷ್ಟು, ನೀರೇ ಇರುತ್ತದೆ. ಜೆಲ್ ತಂಪೆನಿಸುವುದು ಈ ನೀರು ಆವಿಯಾಗುವುದರಿಂದ. ಬಿಸಿಲಿನಲ್ಲಿ ಹಿತವೆನಿಸಿದರೂ ಒಡೆದ ಹಿಮ್ಮಡಿಗೆ ಅದೊಂದೇ ಸಾಲದು.

ಈ ತಾಲ್ಲೂಕುಗಳ ಕಬ್ಬಿಗೂ ತೇವಾಕರ್ಷಕಗಳಿಗೂ ಸಂಬಂಧವಿದೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಭಾಗದ ಮಳ್ಳಿ ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲವನ್ನು ಪಡೆಯುತ್ತಾರೆ. ಸೋಡಿಯಂ ಲ್ಯಾಕ್ಟೇಟ್ ಅದರ ಲವಣ. ಬ್ರೆಜಿಲ್‌ನಲ್ಲಿ ಕಬ್ಬಿನ ಸಕ್ಕರೆಯಿಂದಲೇ ಸ್ಕ್ವಾಲೇನ್ ಎಂಬ ಮೃದುಕಾರಕದ ಮೂಲವಸ್ತುವನ್ನು ಸಿದ್ಧಪಡಿಸುತ್ತಾರೆ. ಇವು ದೊಡ್ಡ ಬಂಡವಾಳದ ಉದ್ದಿಮೆಗಳಾದುದರಿಂದ ಕಿರು ಉತ್ಪಾದಕರ ಅಳವಿಗೆ ಮೀರಿದವು.

ಎಣ್ಣೆಗಳ ತುಲನೆ: ಕುಸುಬೆಯ ಸ್ಥಾನ

ಕಿರು ಉತ್ಪಾದಕರ ಕೈಗೆಟಕುವ ಸಾಮಗ್ರಿಯೆಂದರೆ ಎಣ್ಣೆ. ಹಿಂಗಾರಿನಲ್ಲಿ ಬಿಳಿಜೋಳದ ಹೊಲದ ಸುತ್ತ ಕುಸುಬೆಯ ಸಾಲು ಹಾಕುವುದು ಈ ಭಾಗದ ಹಳೆಯ ರೂಢಿ. ಮುಳ್ಳಿರುವ ಗಿಡವಾದುದರಿಂದ ದನಕರುಗಳು ಹೊಲಕ್ಕೆ ನುಗ್ಗುವುದಿಲ್ಲ; ಆಳಕ್ಕೆ ಬೇರು ಬಿಡುವುದರಿಂದ ಕಪ್ಪುಮಣ್ಣಿನಲ್ಲಿ ಉಳಿದ ತೇವದಲ್ಲಿಯೇ ಬೆಳೆದು ನಿಲ್ಲುತ್ತದೆ. ಗಾಣದ ಕುಸುಬೆ ಎಣ್ಣೆ ಇಲ್ಲಿನ ಅಡುಗೆಮನೆಗೆ ಹೊಸದಲ್ಲ. ಆಮದಾದ ಅಗ್ಗದ ಎಣ್ಣೆಗಳ ಮುಂದೆ ಅದು ಹಿಂದೆ ಸರಿಯಿತು.

ತ್ವಚೆಯ ದೃಷ್ಟಿಯಿಂದ ಎಣ್ಣೆಯ ಗುಣವನ್ನು ಅಳೆಯುವ ಒಂದು ಮುಖ್ಯ ಮಾನದಂಡ ಅದರಲ್ಲಿರುವ ಲಿನೋಲಿಕ್ ಆಮ್ಲ. ದೇಹವು ತಾನಾಗಿ ತಯಾರಿಸಲಾರದ ಈ ಕೊಬ್ಬಿನಾಮ್ಲವು ಚರ್ಮದ ಗಾರೆಯಲ್ಲಿರುವ ಕೆಲವು ಮುಖ್ಯ ಸೆರಮೈಡ್‌ಗಳಿಗೆ ಬೇಕೇ ಬೇಕು. ಸಾಮಾನ್ಯ ತಳಿಗಳಲ್ಲಿ ಅದರ ಪ್ರಮಾಣ ಸ್ಥೂಲವಾಗಿ ಹೀಗಿದೆ:

ಕುಸುಬೆ ಎಣ್ಣೆ: ಶೇ. 70ರಿಂದ 78
ಸೂರ್ಯಕಾಂತಿ ಎಣ್ಣೆ: ಶೇ. 50ರಿಂದ 65
ಎಳ್ಳೆಣ್ಣೆ: ಶೇ. 40ರಿಂದ 45
ಶೇಂಗಾ ಎಣ್ಣೆ: ಶೇ. 20ರಿಂದ 40
ಆಲಿವ್ ಎಣ್ಣೆ: ಶೇ. 5ರಿಂದ 20
ಕೊಬ್ಬರಿ ಎಣ್ಣೆ: ಶೇ. 3ಕ್ಕಿಂತ ಕಡಿಮೆ

ಈ ಅಂಕಿಗಳಿಗೆ ಅನುಭವದ ಆಧಾರವೂ ಇದೆ. ಇಂಗ್ಲೆಂಡಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿದ ಕೈಗಳ ಚರ್ಮದ ರಕ್ಷಣಾ ಪದರ ದುರ್ಬಲವಾಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಅದು ಕೆಡದೆ ಉಳಿದು ತೇವವೂ ಹೆಚ್ಚಿತು. ಢಾಕಾ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಸಂಭವ ಶೇ. 41ರಷ್ಟು ತಗ್ಗಿದುದಾಗಿ 2005ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ವರದಿ ತಿಳಿಸಿತು. ಕುಸುಬೆಯ ಕೊಬ್ಬಿನಾಮ್ಲಗಳ ರಚನೆ ಸೂರ್ಯಕಾಂತಿಗೆ ಸಮೀಪದ್ದು. ದುಬಾರಿ ಆಲಿವ್ ಎಣ್ಣೆಯ ಹೆಸರು ಹೊತ್ತ ಕ್ರೀಂ ಮೇಲೆಂದೂ ಊರಿನ ಎಣ್ಣೆ ಕೀಳೆಂದೂ ಭಾವಿಸಲು ಕಾರಣವಿಲ್ಲ.

ಕುಸುಬೆಗೆ ಎರಡು ಮಿತಿಗಳಿವೆ. ಲಿನೋಲಿಕ್ ಆಮ್ಲ ಹೆಚ್ಚಿದಷ್ಟೂ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಹೊಸದಾಗಿ ತೆಗೆದ ಎಣ್ಣೆಯನ್ನೇ ಕೊಂಡು, ಬೆಳಕು ಮತ್ತು ಶಾಖ ತಾಗದಂತೆ ಇಟ್ಟು, ವಿಟಮಿನ್ ಇ ಬೆರೆಸುವುದು ವಾಡಿಕೆ. ಎರಡನೆಯದಾಗಿ, ಓಲಿಕ್ ಆಮ್ಲ ಹೆಚ್ಚಿರುವ ಕುಸುಬೆ ತಳಿಗಳೂ ಇವೆ. ಅವುಗಳಲ್ಲಿ ಲಿನೋಲಿಕ್ ಪ್ರಮಾಣ ತೀರ ಕಡಿಮೆ. ಹೆಸರೊಂದನ್ನೇ ನಂಬದೆ ಪ್ರಯೋಗಶಾಲೆಯ ವರದಿ ಪಡೆಯುವುದು ಲೇಸು.

ತೇವರಕ್ಷಕಗಳು

ರಾಬರ್ಟ್ ಚೀಸ್‌ಬ್ರೋ ಎಂಬಾತನು 1872ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯನ್ನು ಈ ವರ್ಗದಲ್ಲಿ ಇಂದಿಗೂ ಹಿಂದಿಕ್ಕಿದ ವಸ್ತುವಿಲ್ಲ. ಅದು ನೀರಿನ ನಷ್ಟವನ್ನು ಶೇ. 98ರವರೆಗೆ ತಡೆಯಬಲ್ಲದೆಂದೂ, ಇತರ ಎಣ್ಣೆಗಳು ತಡೆಯುವುದು ಶೇ. 20ರಿಂದ 30ರಷ್ಟೆಂದೂ ಚರ್ಮವಿಜ್ಞಾನದ ಬರಹಗಳಲ್ಲಿ ಉಲ್ಲೇಖಿಸಲಾಗುತ್ತದೆ. ಬೆಲೆಯೂ ಅಲ್ಪ, ಕಮಟು ಹಿಡಿಯುವ ಭಯವೂ ಇಲ್ಲ. ಅಂಟಂಟಾಗುವುದು ಹಾಗೂ ಹೊಲದ ಧೂಳು ಮೆತ್ತಿಕೊಳ್ಳುವುದು ಇದರ ಕೊರತೆ. ಹೀಗಾಗಿ ರಾತ್ರಿ ಹಚ್ಚಲು ಹೆಚ್ಚು ಅನುಕೂಲ. ತಯಾರಕರು ಯಂತ್ರಗಳಿಗೆ ಬಳಸುವ ಜೆಲ್ಲಿಯನ್ನು ದೂರವಿಟ್ಟು, ಶುದ್ಧೀಕರಿಸಿದ ಬಿಳಿ ದರ್ಜೆಯನ್ನೇ ಕೊಳ್ಳಬೇಕು.

ಜೇನುಮೇಣವು ಗಟ್ಟಿ ಪದರ ನೀಡುತ್ತದೆ. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಆದರೆ ಈ ಭಾಗದ ದಖನಿ ಕುರಿಯ ಒರಟು ಉಣ್ಣೆಯಲ್ಲಿ ಮೆರಿನೊ ಉಣ್ಣೆಯಷ್ಟು ಜಿಡ್ಡಿರುವುದಿಲ್ಲ. ಡೈಮೆಥಿಕೋನ್ ಎಂಬ ಸಿಲಿಕೋನ್ ಅಂಟಿಲ್ಲದ ಪದರ ನೀಡುವುದರಿಂದ ಹಗಲಿನ ಲೋಷನ್‌ಗಳಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಹಿಂದೆ ಸ್ನೋ ಎಂದು ಕರೆಯುತ್ತಿದ್ದ ವ್ಯಾನಿಶಿಂಗ್ ಕ್ರೀಂಗಳಲ್ಲಿ ಸ್ಟಿಯರಿಕ್ ಆಮ್ಲ ಮತ್ತು ನೀರಿನ ಭಾಗವೇ ಹೆಚ್ಚು. ಅವು ಮುಖಕ್ಕೆ ಹಗುರವೆನಿಸಿದರೂ ಬಿರಿದ ಕೈಕಾಲಿಗೆ ತಕ್ಕವಲ್ಲ.

ಪಟ್ಟಿ ಓದುವ ಕ್ರಮ

ಸೌಂದರ್ಯವರ್ಧಕ ನಿಯಮಗಳು, 2020ರ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಸಾಮಗ್ರಿಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ನಮೂದಿಸಬಹುದು. ಆದುದರಿಂದ ಮೊದಲ ಐದಾರು ಹೆಸರುಗಳೇ ಉತ್ಪನ್ನದ ನಿಜವಾದ ಸ್ವರೂಪ. ಲೋಷನ್‌ಗಳಲ್ಲಿ ಮೊದಲ ಹೆಸರು ಆಕ್ವಾ, ಅಂದರೆ ನೀರು. ಅದರ ಪ್ರಮಾಣ ಅನೇಕ ವೇಳೆ ಮುಕ್ಕಾಲು ಪಾಲಿನಷ್ಟಿರುತ್ತದೆ. ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿ ಗ್ಲಿಸರಿನ್ ಇದ್ದರೆ ಒಳ್ಳೆಯ ಲಕ್ಷಣ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ. 1ರೊಳಗೆ ಬಳಸುತ್ತಾರೆ, ಡಬ್ಬಿಯ ಮುಂಬದಿಯಲ್ಲಿ ಮಿನುಗುವ ಬಾದಾಮಿ, ಕೇಸರಿ, ಜೇನುಗಳ ಹೆಸರು ಪಟ್ಟಿಯಲ್ಲಿ ಅದರ ನಂತರ ಬಂದಿದ್ದರೆ ಅವು ಹೆಸರಿಗಷ್ಟೇ ಇವೆಯೆಂದು ತಿಳಿಯಬಹುದು.

ಪಟ್ಟಿಯಲ್ಲಿ ಸಸ್ಯಗಳಿಗೆ ಲ್ಯಾಟಿನ್ ಹೆಸರು ಬಳಸುವುದು ರೂಢಿ. ಕಾರ್ಥಮಸ್ ಟಿಂಕ್ಟೋರಿಯಸ್ ಎಂದರೆ ಕುಸುಬೆ, ಹೀಲಿಯಾಂಥಸ್ ಆನ್ಯುಅಸ್ ಎಂದರೆ ಸೂರ್ಯಕಾಂತಿ, ಸೆಸಮಮ್ ಇಂಡಿಕಮ್ ಎಂದರೆ ಎಳ್ಳು. ಪ್ಯಾರಾಫಿನಮ್ ಲಿಕ್ವಿಡಮ್ ಎಂಬುದು ಖನಿಜ ತೈಲ. ಹೊರದೇಶದ ದುಬಾರಿ ಕ್ರೀಂನ ಪಟ್ಟಿಯಲ್ಲಿ ಕಾರ್ಥಮಸ್ ಎಂಬ ಹೆಸರು ಕಂಡರೆ ಅದು ಇಲ್ಲಿನ ಜೋಳದ ಹೊಲದಂಚಿನ ಕುಸುಬೆಯೇ.

ಕಿರು ಉತ್ಪಾದಕರು ಗಮನಿಸಬೇಕಾದುದು

ಲೋಷನ್ ತಯಾರಿಕೆ ಹೊರನೋಟಕ್ಕೆ ಸುಲಭವೆನಿಸಿದರೂ ಅದರ ಮುಖ್ಯ ಭಾಗವಾದ ನೀರೇ ಅಪಾಯದ ಮೂಲ. ನೀರಿರುವ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಕೊಳವೆಬಾವಿಯ ಗಡಸು ನೀರಿನ ಲವಣಗಳು ಎಣ್ಣೆ-ನೀರಿನ ಮಿಶ್ರಣವನ್ನು ಒಡೆಯಬಲ್ಲವು. ಲವಣ ತೆಗೆದ ನೀರು, ಯೋಗ್ಯ ಸಂರಕ್ಷಕ, ಸೂಕ್ಷ್ಮಜೀವಿ ಪರೀಕ್ಷೆ ಇವಿಲ್ಲದೆ ಲೋಷನ್‌ಗೆ ಕೈಹಾಕುವುದು ಸಲ್ಲದು.

ಇದಕ್ಕೆ ಹೋಲಿಸಿದರೆ ನೀರಿಲ್ಲದ ಮುಲಾಮು ಸರಳವಾದುದು. ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಕುಸುಬೆ ಎಣ್ಣೆ ಮತ್ತು ವಿಟಮಿನ್ ಇ ಇವಿಷ್ಟರಿಂದಲೇ ಹಿಮ್ಮಡಿ ಹಾಗೂ ಕೈಗಳಿಗೆ ಒಪ್ಪುವ ಮುಲಾಮು ಸಿದ್ಧವಾಗುತ್ತದೆ. ಮೃದುಕಾರಕವೂ ತೇವರಕ್ಷಕವೂ ಇದರಲ್ಲಿವೆ. ತೇವವನ್ನು ಮಾತ್ರ ತೊಳೆದ ಹಸಿ ಚರ್ಮವೇ ಒದಗಿಸಬೇಕು. ಈ ಬಳಕೆಯ ಕ್ರಮವನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಮುದ್ರಿಸಿದರೆ ಗುಣವೂ ಕಾಣುತ್ತದೆ, ಗ್ರಾಹಕನೂ ಮರಳಿ ಬರುತ್ತಾನೆ. ಬೇಸಿಗೆಯ ಶಾಖದಲ್ಲಿ ಕರಗಿ ಹರಿಯದಂತೆ ಮೇಣದ ಪ್ರಮಾಣವನ್ನು ಹೊಂದಿಸಿ, ಏಪ್ರಿಲ್-ಮೇ ತಿಂಗಳ ತಾಪದಲ್ಲಿ ಮಾದರಿಯನ್ನು ಇಟ್ಟು ನೋಡುವುದು ಅವಶ್ಯ. ಆಳಂದ, ಜೇವರ್ಗಿಯ ಪೇಟೆಗಳಲ್ಲದೆ, ಮಹಾರಾಷ್ಟ್ರದಿಂದಲೂ ಯಾತ್ರಿಕರು ಬರುವ ದೇವಲ ಗಾಣಗಾಪುರದಂತಹ ಸ್ಥಳಗಳೂ ಇಂತಹ ಸಣ್ಣ ಡಬ್ಬಿಗಳ ಮಾರಾಟಕ್ಕೆ ಅನುಕೂಲವಾಗಿವೆ.

ಗ್ಲಿಸರಿನ್ ಕೊಳ್ಳುವವರು ಇಂಡಿಯನ್ ಫಾರ್ಮಾಕೋಪಿಯಾ ದರ್ಜೆಯದನ್ನು, ಪ್ರತಿ ಬ್ಯಾಚ್‌ನ ಪರೀಕ್ಷಾ ವರದಿಯೊಡನೆ ಕೊಳ್ಳುವುದು ಕ್ಷೇಮಕರ. ನೋಟದಲ್ಲಿ ಅದನ್ನೇ ಹೋಲುವ ಡೈಎಥಿಲೀನ್ ಗ್ಲೈಕಾಲ್ ವಿಷಕಾರಿ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಈ ವಿಷ ಬೆರೆತ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಸಾವಿಗೀಡಾದರು. ಅಗ್ಗದ ಸಡಿಲ ಡ್ರಮ್ಮಿನ ಸರಕು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಕಾನೂನಿನ ಚೌಕಟ್ಟು

ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮ, 1940 ಹಾಗೂ 2020ರ ನಿಯಮಗಳ ಅನ್ವಯ ಮಾರಾಟಕ್ಕಾಗಿ ಕ್ರೀಂ, ಮುಲಾಮು ತಯಾರಿಸಲು ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಪಡೆಯುವುದು ಕಡ್ಡಾಯ. ಅರ್ಹ ತಾಂತ್ರಿಕ ಸಿಬ್ಬಂದಿ, ಸ್ವಚ್ಛ ಸ್ಥಳ, ಪರೀಕ್ಷಾ ವ್ಯವಸ್ಥೆ ಇರಬೇಕು. ಗೃಹೋದ್ಯಮ ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲ. ಸೌಂದರ್ಯವರ್ಧಕಗಳ ಚಿಲ್ಲರೆ ಮಾರಾಟಕ್ಕೆ ಪ್ರತ್ಯೇಕ ಔಷಧ ಪರವಾನಗಿ ಬೇಕಿಲ್ಲವಾದರೂ, ಪರವಾನಗಿಯಿಲ್ಲದೆ ತಯಾರಾದ ಸರಕನ್ನು ಮಾರಿದರೆ ವರ್ತಕನೂ ಹೊಣೆಗಾರನಾಗುತ್ತಾನೆ. ತಯಾರಕರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇವು ಇಲ್ಲದ ಡಬ್ಬಿಯನ್ನು ಅಂಗಡಿಗೆ ಸೇರಿಸಬಾರದು.

ಚರ್ಮರೋಗ ಗುಣಪಡಿಸುತ್ತದೆ ಎಂಬ ಒಂದು ಸಾಲು ಸೌಂದರ್ಯವರ್ಧಕವನ್ನು ಔಷಧದ ವ್ಯಾಪ್ತಿಗೆ ತಳ್ಳಬಲ್ಲದು. ಚರ್ಮದ ತೇವ ಕಾಯುತ್ತದೆ ಎಂದಷ್ಟೇ ಹೇಳಿಕೊಳ್ಳುವುದು ಸಮಂಜಸ. ಹಾಗೆಯೇ ಸ್ಟಿರಾಯ್ಡ್ ಇರುವ ಟ್ಯೂಬುಗಳನ್ನು ತ್ವಚೆಯ ಕ್ರೀಂ ಎಂದು ಮಾರುವ ಪರಿಪಾಠ ಸಂಪೂರ್ಣ ನಿಲ್ಲಬೇಕಾಗಿದೆ. 2018ರಲ್ಲಿ ಅಂತಹ 14 ಬಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಲಾಯಿತು. ಅವು ತೇವ ನೀಡುವುದಿಲ್ಲ. ದೀರ್ಘ ಬಳಕೆಯಿಂದ ಚರ್ಮವನ್ನು ತೆಳುವಾಗಿಸುತ್ತವೆ.

ಒಟ್ಟಿನಲ್ಲಿ, ತೇವಕಾರಕ ಉತ್ಪನ್ನದ ಕೆಲಸದ ಬಹುಪಾಲನ್ನು ಮಾಡುವವು ಗ್ಲಿಸರಿನ್, ಲಿನೋಲಿಕ್ ಆಮ್ಲವುಳ್ಳ ಎಣ್ಣೆ ಹಾಗೂ ಪೆಟ್ರೋಲಿಯಂ ಜೆಲ್ಲಿಯಂತಹ ಹಳೆಯ, ಅಗ್ಗದ ಸಾಮಗ್ರಿಗಳೇ. ಉಳಿದ ಬೆಲೆ ಬಹುತೇಕ ಪರಿಮಳ, ಡಬ್ಬಿ ಮತ್ತು ಪ್ರಚಾರದ್ದು. ದಿನಗೂಲಿಯ ಹಣದಲ್ಲಿ ಕ್ರೀಂ ಕೊಳ್ಳಲು ಬಂದ ಗ್ರಾಹಕನಿಗೆ ಈ ವ್ಯತ್ಯಾಸ ತಿಳಿಸಿ ಹೇಳುವ ವರ್ತಕನಿಗೆ ಆ ದಿನದ ಲಾಭ ತುಸು ಕಡಿಮೆಯಾದರೂ ಗಿರಾಕಿ ಕೈತಪ್ಪುವುದಿಲ್ಲ. ನಿಯಮಗಳನ್ನು ಪಾಲಿಸಿ, ವರದಿಯುಳ್ಳ ಸಾಮಗ್ರಿ ಬಳಸಿ, ಕುಸುಬೆಯ ಎಣ್ಣೆಗೆ ಹೊಸ ಮಾರುಕಟ್ಟೆ ಒದಗಿಸುವ ಉತ್ಪಾದಕನು ತನ್ನ ಉದ್ದಿಮೆಯ ಜೊತೆಗೆ ಗಾಣದವನಿಗೂ ಹಿಂಗಾರಿನ ರೈತನಿಗೂ ಆಸರೆಯಾಗಬಲ್ಲನು.